ಹದಿನಾಲ್ಕರ ಸಹಿ, ಹದಿನೇಳರ ಪದಕ

1942ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್‌ನಲ್ಲಿ ಒಬ್ಬ ಹುಡುಗ ಮರೀನ್ ಪಡೆಗೆ ಭರ್ತಿಯಾದ. ಐದಡಿ ಎಂಟಂಗುಲ ಎತ್ತರ, ಎಂಬತ್ತು ಕಿಲೋ ದಾಟಿದ ಮೈಕಟ್ಟು. ವಯಸ್ಸು ಕೇಳಿದಾಗ ಹದಿನೇಳು ಎಂದ. ಹದಿನೇಳರ ಹುಡುಗ ಸೇರಬೇಕಾದರೆ ಹೆತ್ತವರ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಪತ್ರದ ಮೇಲೆ ತಾಯಿಯ ಸಹಿಯೂ ಇತ್ತು. ಆ ಸಹಿ ಹಾಕಿದ್ದವನು ಅವನೇ. ನಿಜವಾದ ವಯಸ್ಸು ಹದಿನಾಲ್ಕು. ಪೂರ್ಣ ಹೆಸರು ಜಾಕ್ಲಿನ್ ಹ್ಯಾರೆಲ್ ಲೂಕಸ್. ಎಲ್ಲರೂ ಕರೆಯುತ್ತಿದ್ದುದು ಜಾಕ್ ಎಂದು.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದು, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಹದಿನಾಲ್ಕು ವರ್ಷ ಎಂದರೆ ನನ್ನ ಲೆಕ್ಕದಲ್ಲಿ ಒಂಬತ್ತನೆಯ ತರಗತಿ. ಮೀಸೆ ಚಿಗುರುವ, ದನಿ ಒಡೆಯುವ, ಕೋಪ ಮೂಗಿನ ತುದಿಯಲ್ಲೇ ಇರುವ ವಯಸ್ಸು. ಪ್ರಗತಿ ಪತ್ರದ ಮೇಲೆ ಅಪ್ಪನ ಸಹಿಯನ್ನು ತಾನೇ ಹಾಕಿಕೊಂಡು ಬರುವ ವಯಸ್ಸೂ ಅದೇ. ಅಂಥ ಸಹಿಯನ್ನು ಗುರುತಿಸುವುದು, ಅಪ್ಪನನ್ನು ಕರೆಸುವುದು, ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾತಾಡಿಸುವುದು ನನ್ನ ಕೆಲಸವಾಗಿತ್ತು. ಎರಡನೆಯ ಮಹಾಯುದ್ಧದ ಪಾಠ ಬಂದಾಗಲೆಲ್ಲ ಜಾಕ್ ಲೂಕಸ್‌ನ ಕತೆ ಹೇಳುತ್ತಿದ್ದೆ. ಹಿಂದಿನ ಬೆಂಚಿನವರೂ ನೆಟ್ಟಗೆ ಕೂತು ಕೇಳುತ್ತಿದ್ದರು. ಸುಳ್ಳು ಸಹಿ ಹಾಕಿದ್ದು, ಹಡಗಿನಲ್ಲಿ ಅಡಗಿಕೊಂಡು ಯುದ್ಧಕ್ಕೆ ಹೋದದ್ದು ಅವರಿಗೆ ಬಲು ಇಷ್ಟ. ನನಗೆ ಮುಖ್ಯವೆನಿಸುತ್ತಿದ್ದುದು ಆ ಕತೆಯ ಬೇರೆ ಎರಡು ಗಳಿಗೆಗಳು. ಅವು ಯಾವುವು, ಏಕೆ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಜಾಕ್ ಹುಟ್ಟಿದ್ದು 1928ರ ಫೆಬ್ರವರಿ 14ರಂದು, ನಾರ್ತ್ ಕೆರೊಲಿನಾ ರಾಜ್ಯದ ಪ್ಲಿಮತ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದ ರೈತ. ಹುಡುಗನಿಗೆ ಹತ್ತು ಹನ್ನೊಂದು ವರ್ಷವಾಗಿದ್ದಾಗ ತೀರಿಕೊಂಡ. ತಾಯಿ ಮಗನನ್ನು ಸೇಲಂಬರ್ಗ್‌ನ ಎಡ್ವರ್ಡ್ಸ್ ಮಿಲಿಟರಿ ಇನ್‌ಸ್ಟಿಟ್ಯೂಟ್ ಎಂಬ ಸೈನಿಕ ಶಿಸ್ತಿನ ಶಾಲೆಗೆ ಸೇರಿಸಿದಳು. ಅಲ್ಲಿ ಅವನು ಕೆಡೆಟ್‌ಗಳ ಕ್ಯಾಪ್ಟನ್ ಆದ, ಫುಟ್‌ಬಾಲ್ ತಂಡದ ನಾಯಕನೂ ಆದ. 1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಹವಾಯಿಯ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದಾಗ ಅವನಿಗಿನ್ನೂ ಹದಿಮೂರು. ಆ ದಿನದಿಂದ ಅವನ ತಲೆಯಲ್ಲಿ ಯುದ್ಧವೊಂದೇ ತುಂಬಿಕೊಂಡಿತು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಸಮವಸ್ತ್ರದೊಳಗಿದ್ದ.

ಅಪ್ಪನಿಲ್ಲದ ಗಂಡುಹುಡುಗರು ಎಷ್ಟು ಬೇಗ ದೊಡ್ಡವರಾಗಲು ಹೊರಡುತ್ತಾರೆ ಎಂಬುದನ್ನು ಶಾಲೆಯಲ್ಲಿ ದುಡಿದ ಎಲ್ಲರೂ ಬಲ್ಲರು. ಆದ್ದರಿಂದ ಜಾಕ್ ಹೇಳಿದ ಸುಳ್ಳು ನನಗೆ ಸೋಜಿಗವೆನಿಸುವುದಿಲ್ಲ. ಅಷ್ಟೊಂದು ಹಿರಿಯರು ಅದನ್ನು ಹೇಗೆ ನಂಬಿದರು ಎಂಬುದೇ ಪ್ರಶ್ನೆ.

ಅದಕ್ಕೆ ಉತ್ತರ ಆ ಕಾಲದ ಲೆಕ್ಕದಲ್ಲಿದೆ. ಮರೀನ್ ಪಡೆ ಅಮೆರಿಕದ ಬಹಳ ಹಳೆಯ ಪಡೆ, 1775ರ ನವೆಂಬರ್ 10ರಂದು ಸ್ಥಾಪನೆಯಾದದ್ದು. ಹಡಗುಗಳಲ್ಲಿ ಸಾಗಿ, ಶತ್ರುವಿನ ದಡಕ್ಕೆ ಇಳಿದು, ನೆಲದ ಮೇಲೆ ಹೋರಾಡುವುದು ಅದರ ಮುಖ್ಯ ಕೆಲಸ. 1939ರಲ್ಲಿ ಆ ಪಡೆಯಲ್ಲಿದ್ದವರು 20,000ಕ್ಕೂ ಕಡಿಮೆ. 1945ರ ಹೊತ್ತಿಗೆ 4,70,000 ದಾಟಿದ್ದರು. ಆರು ವರ್ಷದಲ್ಲಿ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಬೆಳೆಯಬೇಕಾದ ಪಡೆ, ಬಾಗಿಲಿಗೆ ಬಂದ ಗಟ್ಟಿಮುಟ್ಟಾದ ಹುಡುಗನನ್ನು ಬಹಳ ಪ್ರಶ್ನೆ ಕೇಳುವುದಿಲ್ಲ. ಹಳ್ಳಿಗಾಡಿನ ಎಷ್ಟೋ ಜನರ ಬಳಿ ಜನನ ಪತ್ರವೇ ಇಲ್ಲದ ಕಾಲ ಅದು. ನಮ್ಮಲ್ಲೂ ಹಾಗೆಯೇ ಇತ್ತಲ್ಲ. ಶಾಲೆಗೆ ಸೇರಿಸಲು ಬಂದ ತಂದೆಗೆ ಮಗುವಿನ ಹುಟ್ಟಿದ ದಿನ ಗೊತ್ತಿರದಿದ್ದರೆ ಮೇಷ್ಟ್ರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಹಳೆಯ ದಾಖಲಾತಿ ಪುಸ್ತಕ ತೆರೆದರೆ ಪುಟದ ತುಂಬ ಒಂದೇ ದಿನ ಹುಟ್ಟಿದ ಮಕ್ಕಳು. ಆ ಅಂದಾಜು ನಮ್ಮ ಮಕ್ಕಳನ್ನು ಒಂದನೆಯ ತರಗತಿಗೆ ಸೇರಿಸಿತು. ಜಾಕ್‌ನ ವಿಷಯದಲ್ಲಿ ಅಂದಾಜು ಅವನನ್ನು ಪ್ಯಾರಿಸ್ ಐಲೆಂಡ್ ಎಂಬ ತರಬೇತಿ ಕೇಂದ್ರಕ್ಕೆ ಕಳಿಸಿತು.

ತರಬೇತಿಯಲ್ಲಿ ಅವನು ಹಿಂದೆ ಬೀಳಲಿಲ್ಲ. ಬಂದೂಕಿನ ಪರೀಕ್ಷೆಯಲ್ಲಿ ಒಳ್ಳೆಯ ಗುರಿಕಾರ ಎನಿಸಿಕೊಂಡ. ಫ್ಲಾರಿಡಾದ ಜ್ಯಾಕ್ಸನ್‌ವಿಲ್ ನೌಕಾ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿ, 1943ರ ಜೂನ್‌ನಲ್ಲಿ ನಾರ್ತ್ ಕೆರೊಲಿನಾದ ನ್ಯೂ ರಿವರ್‌ಗೆ ಹೋಗಿ ಭಾರೀ ಮೆಷಿನ್‌ಗನ್ ನಡೆಸುವುದನ್ನು ಕಲಿತ. ಅದೇ ವರ್ಷದ ನವೆಂಬರ್‌ನಲ್ಲಿ ಹವಾಯಿ ಸೇರಿದ. ಆಗ ವಯಸ್ಸು ಹದಿನೈದು.

ಗುಟ್ಟು ಹೊರಬಿದ್ದದ್ದು ಹವಾಯಿಯಲ್ಲಿ. ಊರಿನಲ್ಲಿದ್ದ ಹದಿನೈದರ ಗೆಳತಿಗೆ ಬರೆದ ಕಾಗದದಲ್ಲಿ ತನ್ನ ವಯಸ್ಸೂ ಅಷ್ಟೇ ಎಂಬುದು ಗೊತ್ತಾಗುವ ಹಾಗೆ ಬರೆದುಬಿಟ್ಟಿದ್ದ. ಯುದ್ಧಕಾಲದಲ್ಲಿ ಸೈನಿಕರ ಕಾಗದಗಳನ್ನು ಸೇನೆಯವರು ಓದಿಯೇ ಮುಂದಕ್ಕೆ ಬಿಡುತ್ತಿದ್ದರು. ಸಿಕ್ಕಿಬಿದ್ದ. ಮನೆಗೆ ಕಳಿಸಬೇಕೆಂಬ ಮಾತು ಬಂತು. ಕಳಿಸಿದರೆ ಬೇರೆ ಪಡೆಗೆ ಹೋಗಿ ಸೇರುತ್ತೇನೆ ಎಂದು ಹಟ ಹಿಡಿದ. ಕೊನೆಗೆ ಅವನನ್ನು ಕಳಿಸದೆ, ಯುದ್ಧಕ್ಕೂ ಬಿಡದೆ, ಹವಾಯಿಯ ಡಿಪೋದಲ್ಲೇ ಲಾರಿ ಓಡಿಸಲು ಹಾಕಿದರು.

ಈ ಜಾಗದಲ್ಲಿ ನಾನು ಪ್ರತಿ ಸಲವೂ ಪಾಠ ನಿಲ್ಲಿಸುತ್ತಿದ್ದೆ. ಮೊದಲ ಸಲ ಹಿರಿಯರು ಮೋಸಹೋದರು ಎನ್ನೋಣ. ಎರಡನೆಯ ಸಲ ಅವರಿಗೆ ವಿಷಯ ತಿಳಿದಿತ್ತು. ತಿಳಿದೂ ಹದಿನೈದರ ಹುಡುಗನನ್ನು ತಾಯಿಯ ಬಳಿಗೆ ಕಳಿಸಲಿಲ್ಲ. ಹಾಗೆ ಅರ್ಧ ಒಳಗೆ ಅರ್ಧ ಹೊರಗೆ ನಿಲ್ಲಿಸಿದ ಹುಡುಗ ಏನು ಮಾಡುತ್ತಾನೋ ಜಾಕ್ ಅದನ್ನೇ ಮಾಡಿದ. ಜಗಳವಾಡಿದ, ಹೊಡೆದಾಡಿದ, ಸೇನೆಯ ಬಂದೀಖಾನೆಗೆ ಹೋಗಿ ಬ್ರೆಡ್ಡು ನೀರಿನ ಮೇಲೆ ದಿನ ಕಳೆದ.

1945ರ ಜನವರಿ 10ರಂದು ಅವನು ಶಿಬಿರದಿಂದ ಹೊರಟ. ಮೈಮೇಲೆ ಖಾಕಿ ಸಮವಸ್ತ್ರ, ಕಂಕುಳಲ್ಲಿ ಕೆಲಸದ ಬಟ್ಟೆ ಮತ್ತು ಬೂಟಿನ ಗಂಟು. ಬಂದರಿನಲ್ಲಿ ಡ್ಯುಯೆಲ್ ಎಂಬ ಸಾಗಣೆ ಹಡಗು ನಿಂತಿತ್ತು. ಐದನೆಯ ಮರೀನ್ ಡಿವಿಜನ್ನಿನ ತುಕಡಿಗಳು ಅದರಲ್ಲಿ ಯುದ್ಧಕ್ಕೆ ಹೊರಟಿದ್ದವು. ಜಾಕ್ ಅದನ್ನು ಹತ್ತಿ ಅಡಗಿಕೊಂಡ. ಅದೇ ಹಡಗಿನಲ್ಲಿದ್ದ ಅವನ ಸೋದರಸಂಬಂಧಿಯೊಬ್ಬ ನೆರವಾದ. ಇತ್ತ ಶಿಬಿರದಲ್ಲಿ ಹಾಜರಿ ಕರೆದಾಗ ಆಳು ಇಲ್ಲ. ಸೇನೆ ಬಿಟ್ಟು ಓಡಿದವನೆಂದು ದಾಖಲೆಯಲ್ಲಿ ಬರೆದರು, ದರ್ಜೆ ಇಳಿಸಿದರು, ಹಿಡಿದುಕೊಟ್ಟವರಿಗೆ ಬಹುಮಾನವನ್ನೂ ಸಾರಿದರು. ಓಡಿಹೋದವನೆಂದು ಸೇನೆ ಹುಡುಕುತ್ತಿದ್ದ ಹುಡುಗ ಆ ಹೊತ್ತಿಗೆ ಯುದ್ಧದ ದಿಕ್ಕಿಗೇ ಸಾಗುತ್ತಿದ್ದ.

ಫೆಬ್ರವರಿ 8ರಂದು, ಹಡಗು ಹಿಂತಿರುಗಲಾರದಷ್ಟು ದೂರ ಬಂದ ಮೇಲೆ, ಅವನು ತಾನಾಗಿಯೇ ಹೋಗಿ ಕ್ಯಾಪ್ಟನ್ ರಾಬರ್ಟ್ ಡನ್‌ಲ್ಯಾಪ್ ಎದುರು ನಿಂತ. ಡನ್‌ಲ್ಯಾಪ್ 26ನೆಯ ಮರೀನ್ ರೆಜಿಮೆಂಟಿನ ಒಂದನೆಯ ಬೆಟಾಲಿಯನ್ನಿನ ಸಿ ಕಂಪನಿಯ ನಾಯಕ. ಅವನು ಹುಡುಗನನ್ನು ಬೆಟಾಲಿಯನ್ನಿನ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಡೇನಿಯಲ್ ಪೊಲಕ್ ಬಳಿಗೆ ಕರೆದುಕೊಂಡು ಹೋದ. ಶಿಕ್ಷೆಯಾಗಲಿಲ್ಲ. ಕಂಪನಿಯಲ್ಲೇ ಬಂದೂಕುಧಾರಿಯಾಗಿ ಸೇರಿಸಿಕೊಂಡರು. ಆರು ದಿನ ಕಳೆದು, ನಡುಗಡಲಿನಲ್ಲಿ, ಜಾಕ್‌ಗೆ ಹದಿನೇಳು ತುಂಬಿತು. ಎರಡೂವರೆ ವರ್ಷದ ಹಿಂದೆ ಹೇಳಿದ ವಯಸ್ಸಿಗೆ ಆಗ ನಿಜವಾಗಿ ಬಂದು ಮುಟ್ಟಿದ. ಮತ್ತೆ ಐದು ದಿನಕ್ಕೆ ಎದುರಿಗೆ ಇವೊ ಜಿಮಾ ಕಾಣಿಸಿತು.

ಇವೊ ಜಿಮಾ ಟೋಕಿಯೋದಿಂದ ದಕ್ಷಿಣಕ್ಕೆ ಸುಮಾರು 1,200 ಕಿಲೋಮೀಟರ್ ದೂರದ ಪುಟ್ಟ ಜ್ವಾಲಾಮುಖಿ ದ್ವೀಪ. ವಿಸ್ತಾರ ಇಪ್ಪತ್ತು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ದಕ್ಷಿಣದ ತುದಿಯಲ್ಲಿ 169 ಮೀಟರ್ ಎತ್ತರದ ಸುರಿಬಾಚಿ ಬೆಟ್ಟ. ಮರಿಯಾನಾ ದ್ವೀಪಗಳಿಂದ ಹಾರಿ ಜಪಾನಿನ ಮೇಲೆ ಬಾಂಬು ಹಾಕುತ್ತಿದ್ದ ಬಿ-29 ವಿಮಾನಗಳ ದಾರಿಯಲ್ಲೇ ಅದು ಇತ್ತು, ಅಲ್ಲಿ ಜಪಾನೀಯರ ವಿಮಾನದಾಣಗಳಿದ್ದವು. ಅವು ಅಮೆರಿಕಕ್ಕೆ ಬೇಕಾಗಿದ್ದವು.

ದ್ವೀಪವನ್ನು ಕಾಯುತ್ತಿದ್ದವರು ಸುಮಾರು 21,000 ಮಂದಿ. ಅವರ ಮುಖ್ಯಸ್ಥ ಜನರಲ್ ತದಮಿಚಿ ಕುರಿಬಯಾಶಿ. ಜಾಕ್ ಹುಟ್ಟಿದ 1928ರಲ್ಲೇ ಈತ ಜಪಾನಿನ ರಾಯಭಾರ ಕಚೇರಿಯ ಸೇನಾಧಿಕಾರಿಯಾಗಿ ಅಮೆರಿಕಕ್ಕೆ ಹೋಗಿ, ಆ ದೇಶವನ್ನು ಸುತ್ತಿ ನೋಡಿದ್ದವನು. ಅದರ ಕಾರ್ಖಾನೆಗಳ ಬಲವನ್ನು ಬಲ್ಲವನು. ಗೆಲ್ಲುವುದು ಸಾಧ್ಯವಿಲ್ಲವೆಂದು ಗೊತ್ತಿದ್ದೇ, ಒಂದೊಂದು ಗಜಕ್ಕೂ ಬೆಲೆ ತೆರುವಂತೆ ಮಾಡಲು ನೆಲದಡಿ ಸುಮಾರು 18 ಕಿಲೋಮೀಟರ್ ಸುರಂಗ ಕೊರೆಸಿದ. ದಡದಲ್ಲಿ ತಡೆಯುವ ಹಳೆಯ ಕ್ರಮ ಬಿಟ್ಟ. ಕತ್ತಿ ಹಿರಿದು ಗುಂಪಾಗಿ ನುಗ್ಗಿ ಸಾಯುವುದನ್ನು ನಿಷೇಧಿಸಿದ. ಅದೇ ಮನುಷ್ಯ ಹೆಂಡತಿ ಮಕ್ಕಳಿಗೆ ಮಮತೆಯ ಕಾಗದಗಳನ್ನು ಬರೆಯುತ್ತಿದ್ದ. ಯುದ್ಧದ ಇತಿಹಾಸ ಓದುವಾಗ ಎದುರು ಪಕ್ಷದಲ್ಲೂ ಮನೆಮಠ ಉಳ್ಳವರು ಇದ್ದರು ಎಂಬುದನ್ನು ಮಕ್ಕಳಿಗೆ ಹೇಳದಿದ್ದರೆ ಅದು ಪಾಠವೇ ಅಲ್ಲ.

ಫೆಬ್ರವರಿ 19ರ ಬೆಳಿಗ್ಗೆ ಮರೀನರು ದಡಕ್ಕಿಳಿದರು. ಮೊದಲ ದಿನವೇ ಸುಮಾರು 30,000 ಮಂದಿ ಇಳಿದರು. ಕಾಲಿಟ್ಟಲ್ಲಿ ಮರಳಿಗೆ ಬದಲಾಗಿ ಕಪ್ಪು ಜ್ವಾಲಾಮುಖಿ ಬೂದಿ. ಕಾಲು ಹೂತುಹೋಗುತ್ತದೆ, ಗಾಡಿಯ ಚಕ್ರ ನಿಂತಲ್ಲೇ ತಿರುಗುತ್ತದೆ, ಅಡಗಲು ಗುಂಡಿ ತೋಡಿದರೆ ಬದಿ ಕುಸಿದು ಮುಚ್ಚಿಕೊಳ್ಳುತ್ತದೆ. ದಡ ತುಂಬಿಕೊಳ್ಳುವವರೆಗೆ ಕಾದಿದ್ದು, ಆಮೇಲೆ ಜಪಾನೀಯರ ಫಿರಂಗಿಗಳು ಸುರುವಾದವು. ಆ ಬೂದಿಯನ್ನು ನೆನಪಿಟ್ಟುಕೊಳ್ಳಿ. ಆ ದಿನ ಸಾವಿರಾರು ಮಂದಿಯನ್ನು ಕಟ್ಟಿಹಾಕಿದ ಬೂದಿಗೆ ಮರುದಿನ ಒಂದು ಜೀವ ಉಳಿಸುವ ಕೆಲಸವಿತ್ತು.

ಫೆಬ್ರವರಿ 20. ಜಾಕ್ ಮತ್ತು ಅವನ ತುಕಡಿಯ ಮೂವರು ವಿಮಾನದಾಣದ ಹತ್ತಿರ ಒಂದು ಅಂಕುಡೊಂಕಿನ ಕಮರಿಯಲ್ಲಿ ತೆವಳುತ್ತ ಮುಂದೆ ಹೋಗುತ್ತಿದ್ದರು. ಇದ್ದಕ್ಕಿದ್ದಂತೆ ಜಪಾನೀ ಸೈನಿಕರು ಬಹಳ ಹತ್ತಿರದಲ್ಲೇ ಎದುರಾದರು. ನಾಲ್ವರೂ ಪಕ್ಕದ ಕಂದಕಕ್ಕೆ ಹಾರಿ ಗುಂಡು ಹಾರಿಸತೊಡಗಿದರು. ಜಾಕ್‌ನ ಬಂದೂಕು ಕಚ್ಚಿಕೊಂಡಿತು. ಅದನ್ನು ಸರಿಮಾಡಲೆಂದು ತಲೆ ತಗ್ಗಿಸಿದಾಗ ಕಾಲ ಬಳಿ ಗ್ರೆನೇಡ್ ಬಿದ್ದಿರುವುದು ಕಂಡಿತು. ಒಂದಲ್ಲ, ಎರಡು. ಉಳಿದ ಮೂವರ ಕಣ್ಣು ಎದುರಿನ ಶತ್ರುವಿನ ಮೇಲಿತ್ತು. ಕಂಡವನು ಇವನೊಬ್ಬನೇ.

ಗ್ರೆನೇಡ್ ಸಿಡಿಯಲು ಇರುವುದು ಕೆಲವೇ ಸೆಕೆಂಡು. ಜಾಕ್ ಸಂಗಡಿಗರನ್ನು ದಾಟಿಕೊಂಡು ಹಾರಿ ಒಂದರ ಮೇಲೆ ಬಿದ್ದ, ಬಂದೂಕಿನಿಂದ ಅದನ್ನು ಮೆತ್ತನೆಯ ಬೂದಿಯೊಳಕ್ಕೆ ಒತ್ತಿದ. ಇನ್ನೊಂದನ್ನು ಕೈ ಚಾಚಿ ಎಳೆದು ಎದೆಯ ಕೆಳಗೆ ಹಾಕಿಕೊಂಡ. ಒಂದು ಸಿಡಿಯಿತು. ಅವನ ದೇಹ ಮೇಲೆ ಹಾರಿ ಮಗುಚಿ ಬಿತ್ತು. ಇನ್ನೊಂದು ಸಿಡಿಯಲೇ ಇಲ್ಲ. ಸಂಗಡಿಗರು ಮೂವರೂ ಉಳಿದರು. ಎದುರಿಗಿದ್ದವರನ್ನು ಹಿಮ್ಮೆಟ್ಟಿಸಿ, ಜಾಕ್ ಸತ್ತನೆಂದೇ ತಿಳಿದು ಮುಂದೆ ಹೋದರು. ಹಿಂದಿನಿಂದ ಬಂದ ಇನ್ನೊಂದು ತುಕಡಿಯವರು ನೋಡಿದಾಗ ಅವನಿಗಿನ್ನೂ ಉಸಿರಾಡುತ್ತಿತ್ತು. ಸ್ಟ್ರೆಚರ್ ತರಿಸಿ, ದಡಕ್ಕೆ ಸಾಗಿಸಿ, ಸಮಾರಿಟನ್ ಎಂಬ ಆಸ್ಪತ್ರೆ ಹಡಗಿಗೆ ಏರಿಸಿದರು. ಅವನು ಇವೊ ಜಿಮಾದಲ್ಲಿ ಹೋರಾಡಿದ್ದು ಎರಡೇ ದಿನ.

ನಾನು ಹೇಳಿದ ಮೊದಲನೆಯ ಗಳಿಗೆ ಇದು. ಸುಳ್ಳು ಸಹಿಯ ಹಿಂದೆ ಸಾಹಸದ ಆಸೆಯಿತ್ತು, ಹಡಗಿನಲ್ಲಿ ಅಡಗಿದ್ದರ ಹಿಂದೆ ಹಟವಿತ್ತು. ಎರಡರಲ್ಲೂ ಅವನು ಯೋಚಿಸಿದ್ದು ತನ್ನನ್ನೇ. ಕಂದಕದಲ್ಲಿ ಯೋಚಿಸಲು ಹೊತ್ತೇ ಇರಲಿಲ್ಲ, ಆಗ ಅವನು ಆರಿಸಿಕೊಂಡದ್ದು ಪಕ್ಕದವರನ್ನು. ಆ ಮೂವರು ಅವನ ಬಾಲ್ಯದ ಗೆಳೆಯರಲ್ಲ. ಹಡಗಿನಲ್ಲಿ ಸಿಕ್ಕು ಎರಡು ವಾರವೂ ಆಗಿರಲಿಲ್ಲ. ನಾನು ಶೌರ್ಯ ಎಂದು ಕರೆಯುವುದು ಇದನ್ನು. ಸಹಿಯನ್ನೂ ಅಡಗಿದ್ದನ್ನೂ ಇದರ ಜೊತೆ ಸೇರಿಸಿ ಒಂದೇ ಹಾರ ಹಾಕುವುದು ತಪ್ಪು. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮಕ್ಕಳು ಮೊದಲೆರಡನ್ನು ಸುಲಭವಾಗಿ ಕಲಿಯುತ್ತಾರೆ, ಮೂರನೆಯದು ಕಲಿಸಿ ಬರುವುದಲ್ಲ.

ಇವೊ ಜಿಮಾ ಕದನ 36 ದಿನ ನಡೆದು ಮಾರ್ಚ್ 26ಕ್ಕೆ ಮುಗಿಯಿತು. ಅಮೆರಿಕದ ಕಡೆ 6,800ಕ್ಕೂ ಹೆಚ್ಚು ಮಂದಿ ಸತ್ತರು, ಸುಮಾರು 20,000 ಮಂದಿ ಗಾಯಗೊಂಡರು. ಜಪಾನಿನ ಕಡೆಯವರಲ್ಲಿ ಕದನದ ವೇಳೆ ಸೆರೆ ಸಿಕ್ಕವರು 216 ಮಂದಿ ಮಾತ್ರ, ಉಳಿದವರಲ್ಲಿ ಬಹುಪಾಲು ಎಲ್ಲರೂ ಸತ್ತರು. ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಈ ಒಂದೇ ಕದನಕ್ಕಾಗಿ 27 ಮಂದಿಗೆ ಸಂದಿತು. ಅವರಲ್ಲಿ 22 ಮಂದಿ ಮರೀನರು. ಇಡೀ ಮಹಾಯುದ್ಧದಲ್ಲಿ ಮರೀನರಿಗೆ ಸಿಕ್ಕ ಪದಕಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಲ್ಲಿಯವು. ಪಡೆದವರಲ್ಲಿ ಅರ್ಧದಷ್ಟು ಮಂದಿ ಪದಕ ಕಾಣಲು ಬದುಕಿರಲಿಲ್ಲ. ಜಾಕ್‌ನನ್ನು ಸೇರಿಸಿಕೊಂಡ ಕ್ಯಾಪ್ಟನ್ ಡನ್‌ಲ್ಯಾಪ್‌ಗೂ ಅದೇ ಕದನದ ಸಾಹಸಕ್ಕಾಗಿ ಅದೇ ಪದಕ ಬಂತು. ಯುದ್ಧ ಮುಗಿದ ಮೇಲೆ ಆತ ಇಲಿನಾಯ್ಸ್‌ಗೆ ಮರಳಿ ಬೇಸಾಯ ಮಾಡಿದ, ಶಾಲೆಯಲ್ಲಿ ಮೇಷ್ಟ್ರ ಕೆಲಸವನ್ನೂ ಮಾಡಿದ.

ಜಾಕ್ ಮಾರ್ಚ್ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದ. ಇಪ್ಪತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಇನ್ನೂರಕ್ಕೂ ಹೆಚ್ಚು ಲೋಹದ ಚೂರುಗಳು ತೆಗೆಯಲಾಗದೆ ಮೈಯಲ್ಲೇ ಉಳಿದವು. ಮುಪ್ಪಿನಲ್ಲೂ ವಿಮಾನ ನಿಲ್ದಾಣಗಳ ಲೋಹಶೋಧಕ ಯಂತ್ರಗಳು ಅವನನ್ನು ಕಂಡು ಕೂಗುತ್ತಿದ್ದವು. ಆಸ್ಪತ್ರೆಯಲ್ಲಿದ್ದಾಗಲೇ, ಆಗಸ್ಟ್‌ನಲ್ಲಿ, ಓಡಿಹೋದವ ಎಂಬ ಗುರುತನ್ನು ಅವನ ದಾಖಲೆಯಿಂದ ತೆಗೆದುಹಾಕಿದರು. ಸೆಪ್ಟೆಂಬರ್ 18ರಂದು ಗಾಯಗಳ ಕಾರಣಕ್ಕೆ ಸೇವೆಯಿಂದ ಬಿಡುಗಡೆಯಾಯಿತು.

1945ರ ಅಕ್ಟೋಬರ್ 5ರಂದು ಶ್ವೇತಭವನದಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಹದಿನಾಲ್ಕು ಮಂದಿಗೆ ಪದಕ ತೊಡಿಸಿದರು. ಅವರಲ್ಲಿ ಜಾಕ್ ಒಬ್ಬ. ಅಧ್ಯಕ್ಷನಾಗಿರುವುದಕ್ಕಿಂತ ಈ ಪದಕ ಪಡೆಯುವುದೇ ತಮಗೆ ಹೆಚ್ಚು ಎಂದು ಟ್ರೂಮನ್ ಹೇಳುತ್ತಿದ್ದರು. ಹಾಗಾದರೆ ಅದಲು ಬದಲು ಮಾಡಿಕೊಳ್ಳೋಣ ಎಂದು ತಾನು ಉತ್ತರ ಕೊಟ್ಟದ್ದನ್ನು ಜಾಕ್ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಮೆಡಲ್ ಆಫ್ ಆನರ್ ಪಡೆದ ಮರೀನರಲ್ಲೆಲ್ಲ ಅವನೇ ಕಿರಿಯ, ಎರಡನೆಯ ಮಹಾಯುದ್ಧದಲ್ಲಿ ಅದನ್ನು ಪಡೆದ ಎಲ್ಲ ಪಡೆಗಳವರಲ್ಲೂ ಕಿರಿಯ. ಅವನಿಗಿಂತ ಎಳೆಯರನ್ನು ಕಾಣಬೇಕಾದರೆ ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಹೋಗಬೇಕು. 1862ರಲ್ಲಿ ಸೈನ್ಯದ ಡೋಲು ಹೊತ್ತಿದ್ದ ವಿಲ್ಲಿ ಜಾನ್‌ಸ್ಟನ್‌ಗೆ ಆಗಿನ್ನೂ ಹನ್ನೊಂದು ವರ್ಷ.

ಅದೃಷ್ಟ ಎಲ್ಲ ಹುಡುಗರಿಗೂ ಹೀಗೆ ಒಲಿಯಲಿಲ್ಲ. ಜಾಕ್ ಮರೀನ್ ಪಡೆ ಸೇರಿದ ಅದೇ ಆಗಸ್ಟ್ 1942ರಲ್ಲಿ ಕ್ಯಾಲ್ವಿನ್ ಗ್ರಹಾಂ ಎಂಬ ಹುಡುಗ ವಯಸ್ಸು ಮುಚ್ಚಿಟ್ಟು ಅಮೆರಿಕದ ನೌಕಾಪಡೆ ಸೇರಿದ. ಅವನಿಗೆ ಹನ್ನೆರಡು. ನವೆಂಬರ್‌ನಲ್ಲಿ ಗ್ವಾಡಲ್‌ಕನಾಲ್ ಬಳಿಯ ಕಾದಾಟದಲ್ಲಿ ಸೌತ್ ಡಕೋಟಾ ಯುದ್ಧನೌಕೆಯ ಮೇಲಿದ್ದು, ತಾನೇ ಗಾಯಗೊಂಡಿದ್ದರೂ ಇತರ ಗಾಯಾಳುಗಳಿಗೆ ನೆರವಾದ. ಪದಕಗಳು ಬಂದವು. ವಯಸ್ಸು ಬಯಲಾದಾಗ ಅದೇ ನೌಕಾಪಡೆ ಅವನನ್ನು ಸೆರೆಮನೆಗೆ ಹಾಕಿ, ಕಳಂಕ ಹೊರಿಸಿ ಹೊರಹಾಕಿತು, ಪದಕಗಳನ್ನು ಕಿತ್ತುಕೊಂಡಿತು. ಆ ಕಳಂಕ ಅಳಿಸಿದ್ದು 1978ರಲ್ಲಿ. ಗಾಯಾಳು ಸೈನಿಕರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಮನೆ ತಲುಪಿದ್ದು 1994ರಲ್ಲಿ, ಅವನು ತೀರಿಕೊಂಡ ಮೇಲೆ. ಒಂದೇ ದೇಶ, ಒಂದೇ ತಿಂಗಳು, ಒಂದೇ ಬಗೆಯ ಸುಳ್ಳು. ಒಬ್ಬನಿಗೆ ಶ್ವೇತಭವನ, ಇನ್ನೊಬ್ಬನಿಗೆ ಸೆರೆಮನೆ. ಇಬ್ಬರನ್ನೂ ಒಳಗೆ ಬಿಟ್ಟುಕೊಂಡ ಹಿರಿಯರನ್ನು ಮಾತ್ರ ಯಾರೂ ಕಟಕಟೆಗೆ ಕರೆಯಲಿಲ್ಲ.

ಎದುರು ಪಕ್ಷದಲ್ಲಿ ಇದು ಇನ್ನೂ ಘೋರವಾಗಿತ್ತು. ಇವೊ ಜಿಮಾ ಮುಗಿಯುತ್ತಿದ್ದಂತೆ ಯುದ್ಧ ಒಕಿನಾವಾ ದ್ವೀಪಕ್ಕೆ ಸಾಗಿತು. ಅಲ್ಲಿ ಜಪಾನೀ ಸೇನೆ ಮಾಧ್ಯಮಿಕ ಶಾಲೆಯ ಗಂಡುಮಕ್ಕಳನ್ನು ಸೈನಿಕರನ್ನಾಗಿ ಮಾಡಿತು, ಅವರಲ್ಲಿ ಹದಿನಾಲ್ಕು ವರ್ಷದವರೂ ಇದ್ದರು. ಹೆಣ್ಣುಮಕ್ಕಳನ್ನು ಗುಹೆಗಳಲ್ಲಿದ್ದ ಸೇನಾ ಆಸ್ಪತ್ರೆಗಳಿಗೆ ದಾದಿಯರನ್ನಾಗಿ ಕಳಿಸಿತು. ಹಿಮೆಯೂರಿ ತಂಡ ಎಂದು ಹೆಸರಾದ ಅಂಥ ಒಂದು ಗುಂಪಿನಲ್ಲಿ 222 ವಿದ್ಯಾರ್ಥಿನಿಯರಿದ್ದರು. ಅವರ ಜೊತೆಯಲ್ಲಿ ಹೋದ ಶಿಕ್ಷಕರು 18. ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು. ಆ ಹದಿನೆಂಟು ಮಂದಿ ನನ್ನ ವೃತ್ತಿಯವರು. ಅವರ ವಿಷಯ ಓದಿದ ದಿನ ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೋಗುವಾಗ ನನ್ನ ಕೈ ಭಾರವಾಗಿತ್ತು. ಹಾಜರಿ ಕರೆಯುವುದೆಂದರೆ ಅಷ್ಟು ಮಕ್ಕಳು ಸುರಕ್ಷಿತವಾಗಿ ನನ್ನ ಮುಂದೆ ಇದ್ದಾರೆಂದು ಖಾತರಿ ಮಾಡಿಕೊಳ್ಳುವುದು ಎಂಬ ಅರಿವು ಅಂದು ಬಂದದ್ದು ಇಂದಿಗೂ ಹೋಗಿಲ್ಲ.

ಎರಡನೆಯ ಗಳಿಗೆಗೆ ಬರುತ್ತೇನೆ. ಪದಕ ಪಡೆದು ಊರಿಗೆ ಮರಳಿದ ಜಾಕ್ ಪುನಃ ಶಾಲೆಗೆ ಸೇರಿದ. ಒಂಬತ್ತನೆಯ ತರಗತಿಗೆ. ಕೊರಳಲ್ಲಿ ದೇಶದ ಅತ್ಯುನ್ನತ ಪದಕ ಹಾಕಿಕೊಂಡು, ಮೈಯಲ್ಲಿ ಇನ್ನೂರು ಚೂರು ಹೊತ್ತುಕೊಂಡು, ತನಗಿಂತ ಮೂರು ನಾಲ್ಕು ವರ್ಷ ಚಿಕ್ಕವರ ನಡುವೆ ಬೆಂಚಿನ ಮೇಲೆ ಕೂತ. ಅವನನ್ನು ಮೆರವಣಿಗೆ ಮಾಡಲು ಊರೂರು ಸಿದ್ಧವಿದ್ದ ಕಾಲ. ಓದು ಬೇಡವೆಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಓದಿದ. ಪ್ರೌಢಶಾಲೆ ಮುಗಿಸಿದ, 1956ರಲ್ಲಿ ಹೈ ಪಾಯಿಂಟ್ ಕಾಲೇಜಿನಿಂದ ವಾಣಿಜ್ಯ ವಿಷಯದಲ್ಲಿ ಪದವಿ ಪಡೆದ.

ಫೇಲಾಗಿ ಒಂದು ವರ್ಷ ಹಿಂದುಳಿದ ಹುಡುಗ ಕಿರಿಯರ ಜೊತೆ ಕೂರಲು ಎಷ್ಟು ನಾಚುತ್ತಾನೆಂದು ನಾನು ಬಲ್ಲೆ. ಎಷ್ಟೋ ಮಂದಿ ಆ ನಾಚಿಕೆಗೇ ಶಾಲೆ ಬಿಟ್ಟು ಗ್ಯಾರೇಜಿಗೋ ಹೋಟೆಲಿಗೋ ಸೇರಿದ್ದಾರೆ. ಅಂಥವರ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ಮಾತಾಡುವಾಗ ನಾನು ಅನೇಕ ಸಲ ಈ ಅಮೆರಿಕದ ಹುಡುಗನ ಹೆಸರು ಎತ್ತಿದ್ದೇನೆ. ಗ್ರೆನೇಡಿನ ಮೇಲೆ ಬಿದ್ದವನಿಗೆ ಒಂಬತ್ತನೆಯ ತರಗತಿಯ ಬೆಂಚು ಅವಮಾನವಾಗಲಿಲ್ಲ, ನಿನಗೇಕಪ್ಪ ಎಂದು ಕೇಳಿದ್ದೇನೆ. ಕೆಲವರು ಮರಳಿ ಬಂದಿದ್ದಾರೆ.

ಆಮೇಲಿನ ಬದುಕನ್ನು ಚಿಕ್ಕದಾಗಿ ಹೇಳುತ್ತೇನೆ. 1961ರಲ್ಲಿ ಲೂಕಸ್ ಅಮೆರಿಕದ ಭೂಸೇನೆಗೆ ಅಧಿಕಾರಿಯಾಗಿ ಸೇರಿದರು. ಎತ್ತರದ ಭಯವನ್ನು ಗೆಲ್ಲಬೇಕೆಂದು ಪ್ಯಾರಾಚೂಟ್ ಪಡೆಯನ್ನೇ ಆರಿಸಿಕೊಂಡರು. ತರಬೇತಿಯ ಒಂದು ಹಾರಾಟದಲ್ಲಿ ಎರಡೂ ಪ್ಯಾರಾಚೂಟ್ ಕೈಕೊಟ್ಟವು, ಆದರೂ ಬದುಕಿದರು. 1965ರಲ್ಲಿ ಕ್ಯಾಪ್ಟನ್ ಆಗಿದ್ದಾಗ ಸೇನೆ ಬಿಟ್ಟು ಮಾಂಸದ ವ್ಯಾಪಾರ ನಡೆಸಿದರು. ಕೊನೆಗಾಲದಲ್ಲಿ ಮಿಸಿಸಿಪಿ ರಾಜ್ಯದ ಹ್ಯಾಟೀಸ್‌ಬರ್ಗ್‌ನಲ್ಲಿ ನೆಲೆಸಿದರು. ಇವೊ ಜಿಮಾ ಹೆಸರಿನ ಹೊಸ ಯುದ್ಧನೌಕೆ ಮಿಸಿಸಿಪಿಯ ಪ್ಯಾಸ್ಕಗೂಲಾದಲ್ಲಿ ತಯಾರಾಗುತ್ತಿದ್ದಾಗ ತಮ್ಮ ಪದಕದ ಪ್ರಶಸ್ತಿ ಪತ್ರವನ್ನು ಅದರ ಒಡಲೊಳಗೆ ಇಟ್ಟರು. ಅದು ಇಂದಿಗೂ ಅಲ್ಲೇ ಇದೆ. 2006ರಲ್ಲಿ ಅವರ ಆತ್ಮಕತೆ ಹೊರಬಂತು. 2008ರ ಜೂನ್ 5ರಂದು, ಎಂಬತ್ತರ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. 2023ರ ಅಕ್ಟೋಬರ್ 7ರಂದು ಅಮೆರಿಕದ ನೌಕಾಪಡೆ ಅವರ ಹೆಸರಿನ ಯುದ್ಧನೌಕೆಯೊಂದನ್ನು ಫ್ಲಾರಿಡಾದ ಟ್ಯಾಂಪಾದಲ್ಲಿ ಸೇವೆಗೆ ಸೇರಿಸಿಕೊಂಡಿತು.

ಜಗತ್ತು ಈ ಕತೆಯಿಂದ ಏನೂ ಕಲಿಯಲಿಲ್ಲ ಎಂದು ಹೇಳಲಾರೆ. ಮಕ್ಕಳನ್ನು ಯುದ್ಧದಲ್ಲಿ ತೊಡಗಿಸುವುದರ ವಿರುದ್ಧ ವಿಶ್ವಸಂಸ್ಥೆ 2000ದಲ್ಲಿ ಒಂದು ಒಪ್ಪಂದ ಮಾಡಿತು. ಹದಿನೆಂಟು ತುಂಬದವರು ನೇರವಾಗಿ ಕಾದಾಟದಲ್ಲಿ ಇರದಂತೆ ನೋಡಿಕೊಳ್ಳಬೇಕೆಂಬುದು ಅದರ ತಿರುಳು. ಅಮೆರಿಕವೂ ಭಾರತವೂ ಅದನ್ನು ಒಪ್ಪಿವೆ. ಅಮೆರಿಕದ ಮರೀನ್ ಪಡೆಗೆ ಇಂದಿಗೂ ಹದಿನೇಳಕ್ಕೆ ಸೇರಬಹುದು, ಹೆತ್ತವರ ಸಹಿ ಇಂದಿಗೂ ಬೇಕು. ಆದರೆ ಈಗ ಜನನ ಪತ್ರ ನೋಡದೆ ಯಾರೂ ಒಳಗೆ ಬಿಡುವುದಿಲ್ಲ. ಇಷ್ಟಾದರೂ ಎಷ್ಟೋ ದೇಶಗಳಲ್ಲಿ ಬಂಡುಕೋರ ಗುಂಪುಗಳು ಹತ್ತು ಹನ್ನೆರಡರ ಮಕ್ಕಳ ಕೈಗೆ ಬಂದೂಕು ಕೊಡುತ್ತಲೇ ಇವೆ. ಅವರಿಗೆ ಪದಕವೂ ಇಲ್ಲ, ಮರಳಿ ಕೂರಲು ತರಗತಿಯೂ ಇಲ್ಲ.

ನಮ್ಮ ಮಕ್ಕಳಿಗೆ ಹೇಳಲು ನಮ್ಮದೇ ವೀರರಿದ್ದಾರೆ. ಕಾರ್ಗಿಲ್‌ನ ಟೈಗರ್ ಹಿಲ್‌ನಲ್ಲಿ ಹೋರಾಡಿ ಪರಮವೀರ ಚಕ್ರ ಪಡೆದ ಯೋಗೇಂದ್ರ ಸಿಂಗ್ ಯಾದವ್‌ಗೆ ಆಗ ಹತ್ತೊಂಬತ್ತು ವರ್ಷ. ಅವರ ಕತೆಯನ್ನು ಹೇಳೋಣ, ಜಾಕ್ ಲೂಕಸ್‌ನ ಕತೆಯನ್ನೂ ಹೇಳೋಣ. ಹೇಳುವ ಶಿಕ್ಷಕರಲ್ಲಿ, ತಂದೆತಾಯಿಯರಲ್ಲಿ ನನ್ನದೊಂದೇ ಕೋರಿಕೆ: ಕತೆಯನ್ನು ಪೂರ್ತಿ ಹೇಳಿ. ಗ್ರೆನೇಡಿನಲ್ಲಿ ನಿಲ್ಲಿಸಬೇಡಿ, ಒಂಬತ್ತನೆಯ ತರಗತಿಯವರೆಗೆ ಕರೆತನ್ನಿ. ಆ ಹುಡುಗನ ಧೈರ್ಯಕ್ಕೆ ಕೈ ಮುಗಿಯಿರಿ, ಅವನ ವಯಸ್ಸನ್ನು ಪರಿಶೀಲಿಸದ ಹಿರಿಯರನ್ನು ಪ್ರಶ್ನಿಸುವುದನ್ನೂ ಮಕ್ಕಳಿಗೆ ಕಲಿಸಿ. ಮೂವರ ಜೀವ ಉಳಿಸಿದ ಕೀರ್ತಿ ಜಾಕ್ ಲೂಕಸ್‌ನದು. ಹದಿನಾಲ್ಕರ ಮಕ್ಕಳನ್ನು ತರಗತಿಯಲ್ಲಿ ಉಳಿಸಿಕೊಳ್ಳುವ ಹೊಣೆ ನಮ್ಮದು.